ಬಾಲ ಇಲ್ಲದ ವಿಮಾನ, ಬ್ಯಾಡಗಿ ಬೀಗರು

ಕೆಲವರ ಬೆನ್ನಿಗೆ ಶನಿ ಬೀಳತಾನ. ನನ್ನ ಬೆನ್ನಿಗೆ ಬಿದ್ದದ್ದು ಒಂದು ಬಾಲ. ಅದೂ ಎಂಥಾ ಬಾಲ? ಇಲ್ಲದ ಬಾಲ! ನಾ ನನ್ನ ಪಾಡಿಗೆ ಸುಮ್ಮನ ಕುಂತ್ರೂ ಏನರೆ ಒಂದು ಆಗತಿತ್ತು, ಆ ಗದ್ದಲದಾಗ ಈ ಬಾಲ ಬಂದು ಸೇರತಿತ್ತು. ಒಂದೊಂದ ಹೇಳತೇನಿ, ನಗಬೇಕನಸಿದ್ರ ನಗ್ರಿ. ಆವಾಗ ನನಗ ಮಾತ್ರ ನಗು ಬಂದಿದ್ದಿಲ್ಲ, ಬೆವರು ಬಂದಿತ್ತು.

ಊರಿಗೆ ಕಲರ್ ಟೀವಿ ಈಗೀಗ ಬರಾಕತ್ತಿದ್ದ ಕಾಲ. ರಾಣೆಬೆನ್ನೂರಾಗ ಸ್ಟೇಶನ್ ರೋಡಿಗೆ ನಂದೊಂದು ರೇಡಿಯೋ ರಿಪೇರಿ ಅಂಗಡಿ ಇತ್ತು. ರದ್ದಿಯೊಳಗ ಸಿಕ್ಕ ಹಳೇ ಇಂಗ್ಲಿಷ್ ಪತ್ರಿಕಿಯೊಳಗ ಒಂದು ಗ್ಲೈಡರಿನ ಚಿತ್ರ ನೋಡಿದೆ, ಅವತ್ತಿನಿಂದ ಹುಚ್ಚು ಹಿಡೀತು. ಗ್ಲೈಡರ್ ಅಂದ್ರ ಇಂಜಿನ್ ಇಲ್ಲದ ವಿಮಾನ, ಗಾಳಿ ಮ್ಯಾಲೆ ತೇಲತೈತಿ. ಚಿತ್ರದಾಗಿನ ಈ ಗ್ಲೈಡರಿಗೆ ಬಾಲಾನೂ ಇಲ್ಲ, ಹೊಟ್ಟಿನೂ ಇಲ್ಲ. ಬರೇ ಹಿಂದಕ್ಕ ಬಾಗಿದ ಎರಡು ರೆಕ್ಕಿ. ಕೆಳಗ ನಿಂತು ಕೈಯಾಗಿನ ರೇಡಿಯೋ ಡಬ್ಬಿಯಿಂದ ಅದನ್ನ ತಿರುಗಿಸಬೇಕು. ಆಟೋ ಓಡಸೋ ನನ್ನ ದೋಸ್ತ ದುಬೈದಾಗಿದ್ದ ತನ್ನ ಅಣ್ಣನ ಕಡಿಂದ ಆ ಡಬ್ಬಿ, ಅದರ ಜೋಡಿ ರೆಕ್ಕಿ ಅಂಚು ಅಳ್ಳಾಡಿಸೋ ಎರಡು ಸಣ್ಣ ಮೋಟಾರು ತರಿಸಿಕೊಟ್ಟ. ಇನ್ನ ಉಳಿದದ್ದು ವಿಮಾನ ಕಟ್ಟೋದು, ಮತ್ತ ನನ್ನ ಮದವಿ. ಅವೆರಡೂ ಒಂದಕ್ಕೊಂದು ಗಂಟು ಬೀಳತಾವ ಅಂತ ಯಾರಿಗೆ ಗೊತ್ತಿತ್ತು?

ಹೆಣ್ಣು ನೋಡಾಕ ಹೋದದ್ದು

ಕಾರ ಹುಣ್ಣಿಮಿ ಆಗಿತ್ತು. ಅವ್ವ ನನ್ನ ಎಳಕೊಂಡು ಬ್ಯಾಡಗಿಗೆ ಹೆಣ್ಣು ನೋಡಾಕ ಹೋದ್ಲು. ಹುಡುಗಿಯ ಅಪ್ಪ ಮೆಣಸಿನಕಾಯಿ ದಲಾಲಿ. ಪಡಸಾಲಿ ಬಾಜೂಕ ಚೀಲದ ಮ್ಯಾಲೆ ಚೀಲ. ನಾ ಕುಂತದ್ದ ತಡ, ಮೂಗಿಗೆ ಮೆಣಸಿನಕಾಯಿ ಘಾಟು ಏರಿ ಸೀನು ಶುರುವಾತು. ಸೀನೋದು ಅಪಶಕುನ ಅಂತ ತಡಕೊಂಡೆ. ತಡಕೊಂಡ ಸೀನೆಲ್ಲಾ ಕಣ್ಣಾಗ ನೀರಾಗಿ ಇಳಿಯಾಕತ್ತಿತು.

ಮೂಲ್ಯಾಗ ಹುಡುಗಿಯ ಸೋದರತ್ತಿ ಕುಂತಿದ್ರು, ಅಂದ್ರ ದಲಾಲಿಯವರ ಅಕ್ಕ. ನನ್ನ ನೋಡಿ, "ಅಯ್ಯ ತಮ್ಮಾ, ಗಂಡು ಅಳಾಕತ್ತೈತಲ್ಲೋ! ಅಳೋ ಪಾಳಿ ನಮ್ಮ ಹುಡುಗಿದು, ಇವರದೇನು?" ಅಂದ್ರು. ಮನಿ ತುಂಬ ನಗು. ನಾ ಅವಲಕ್ಕಿ ತಾಟಿನ್ಯಾಗ ಮಾರಿ ಹಾಕಿ ಕುಂತೆ.

ದಲಾಲಿಯವರು ನಗಲಿಲ್ಲ. "ನೀವು ಅದೇನೋ ವಿಮಾನ ಮಾಡಾಕತ್ತೀರಂತ. ಅದಕ್ಕ ಬಾಲಾನ ಇಲ್ಲಂತ, ಖರೇ ಏನು?" ಅಂತ ಕೇಳಿದ್ರು.

"ಖರೇ ರೀ. ಅದಕ್ಕ ಬಾಲ ಬೇಕಾಗೂದಿಲ್ಲ."

"ಬಾಲ ಇಲ್ಲದ್ದು ಶುಭ ಅಲ್ಲ ತಮ್ಮಾ," ಅಂತ ಅತ್ತಿ ಮೂಲ್ಯಾಗಿಂದ ಅಂದ್ರು.

ನನಗ ಮೊದಲ ಮೂಗಿನ ತುದಿಗೆ ಸಿಟ್ಟು. ಆವಾಗಂತೂ ಮೂಗಿನ ತುದಿಗೆ ಸೀನೂ ಇತ್ತು. ಏನರೆ ಅಂದುಬಿಡತಿದ್ದೆ. ಅಷ್ಟರಾಗ ಬಾಗಿಲಿಗೆ ನಿಂತಿದ್ದ ಹುಡುಗಿ ಸಣ್ಣ ದನಿಯಿಂದ, "ಬಾಲ ಇಲ್ಲಂದ್ರ ಮೂಗು ಮ್ಯಾಲೆ ಕೆಳಗ ಹೆಂಗ ಮಾಡ್ತೀರ್ರಿ?" ಅಂದ್ಲು.

ನನ್ನ ಸಿಟ್ಟು ಎಲ್ಲಿ ಹೋತೋ ಏನೋ. ಊರೆಲ್ಲಾ "ಬಾಲ ಎಲ್ಲಿ" ಅಂತ ಕೇಳಿತ್ತು, "ಹೆಂಗ" ಅಂತ ಕೇಳಿದಾಕಿ ಈಕಿ ಒಬ್ಬಾಕಿ. ತಾಟಿನ್ಯಾಗಿದ್ದ ಎರಡು ಹಪ್ಪಳ ಎತ್ತಿ ಹಿಡಿದೆ. "ರೆಕ್ಕಿ ಹಿಂದಿನ ಅಂಚಿಗೆ ಎರಡು ಪಟ್ಟಿ ಇರತಾವ್ರಿ. ಎರಡೂ ಮ್ಯಾಲೆತ್ತಿದ್ರ ಮೂಗು ಮ್ಯಾಲೆ. ಒಂದು ಮ್ಯಾಲೆ ಒಂದು ಕೆಳಗ ಮಾಡಿದ್ರ ಎಡಕ್ಕ ಬಲಕ್ಕ ಹೊಳ್ಳತೈತಿ," ಅಂತ ಹೊಳ್ಳಿಸಿ ತೋರಿಸಿದೆ. ಹಪ್ಪಳ ಪಟಕ್ಕನ ಮುರದು ದಲಾಲಿಯವರ ಧೋತರದ ಮ್ಯಾಲೆ ಬಿದ್ದುವು.

ಅವರು ಅದನ್ನ ಝಾಡಿಸಿ ಮಾತು ಮುಗಿಸಿದ್ರು. "ಚೀಲ ಸುರುವಿ ನೋಡದನ ನಾ ಮೆಣಸಿನಕಾಯಿ ಹಿಡಿಯೂದಿಲ್ಲ, ಅಳಿಯನ್ನ ಹೆಂಗ ಹಿಡೀಲಿ? ಆಷಾಢದಾಗ ಮದವಿ ಮಾತು ಇಲ್ಲ. ಆಷಾಢ ಮುಗಿಯೂದರಾಗ ಆ ವಿಮಾನ ನನ್ನ ಕಣ್ಣ ಮುಂದ ಹಾರಸ್ರಿ, ಹಾರಿಸಿ ಇಳಸ್ರಿ. ಆತಂದ್ರ ಶ್ರಾವಣದಾಗ ಸಕ್ಕರಿ ಹಂಚಿ ಮದವಿ ಗಟ್ಟಿ ಮಾಡೋಣು. ಇಲ್ಲಂದ್ರ ಬೀಜದ ಕಂಪನಿ ಮ್ಯಾನೇಜರು ಕೇಳ್ಯಾರ, ಅವರಿಗೆ ಹೂಂ ಅಂತೇನಿ."

ಹೊರಗ ಬಂದ ಮ್ಯಾಲೆ, "ಮಾಡ್ಕೊಂಡ್ರ ಈಕಿನ್ನ," ಅಂದೆ. ಅವ್ವ ಕೇಳಿದ್ಲು, "ಹುಡುಗಿ ಹೆಂಗದಾಳೋ?"

"ಗೊತ್ತಿಲ್ಲಬೇ, ಕಣ್ಣಾಗ ನೀರು ತುಂಬಿತ್ತು. ಮಸುಕು ಮಸುಕು ಕಂಡ್ಲು."

"ಮತ್ಯಾಕ ಮಾಡ್ಕೊಂಡ್ರ ಈಕಿನ್ನ ಅನ್ನಾಕತ್ತೀ?"

"ಪ್ರಶ್ನೆ ಭಾಳ ಛಲೋ ಕೇಳಿದ್ಲಬೇ!"

ಬಾಸಿಂಗದ ಬೆಂಡು

ಪತ್ರಿಕಿಯೊಳಗ ಹೇಳಿದ್ದ ಹಗರ ಕಟಗಿ ನಮ್ಮ ಕಡೆ ಎಲ್ಲಿ ಸಿಗಬೇಕು? ಬಿದಿರು ಸೀಳಿ ಮಾಡಿದೆ, ಭಾರ ಆತು. ಮುರದು ಮತ್ತ ಮಾಡಿದೆ, ಮತ್ತೂ ಭಾರ. ದಿನ ಹೋಗಾಕತ್ತಿದ್ವು, ನನಗ ರಾತ್ರಿ ನಿದ್ದಿ ಇಲ್ಲ, ಹಗಲು ಊಟ ಸೇರೂದಿಲ್ಲ. ಒಂದಿನ ಪ್ಯಾಟಿಯೊಳಗ ಬಾಸಿಂಗ ಮಾಡೋ ಮುದುಕಪ್ಪನ ಅಂಗಡಿ ಕಂಡಿತು. ಮದುಮಕ್ಕಳ ಹಣಿಗೆ ಕಟ್ಟೋ ಬಾಸಿಂಗ ಬೆಂಡಿನಿಂದ ಮಾಡ್ತಾರ. ಬೆಂಡು ಅಂದ್ರ ಹತ್ತಿಗಿಂತ ಹಗರ! ರೆಕ್ಕಿಯ ಎಲುಬಿಗೆ ಇದಕ್ಕಿಂತ ಏನು ಬೇಕು?

ಹೋಗಿ, "ಅಜ್ಜಾರ, ಒಂದು ಹೊರಿ ಬೆಂಡು ಕೊಡ್ರಿ," ಅಂದೆ.

ಅಜ್ಜ ಕನ್ನಡಕ ಏರಿಸಿ ನನ್ನ ಕಾಲಿನಿಂದ ತಲಿತನಕ ನೋಡಿದ. ಆಷಾಢದಾಗ ಅವನ ಅಂಗಡಿಗೆ ನೊಣಾನೂ ಬರೂದಿಲ್ಲ. ಹತ್ರ ಕರದು ಪಿಸುಮಾತಿನ್ಯಾಗ, "ಓಡಿಸ್ಕೊಂಡು ಹೋಗಿ ಮಾಡ್ಕೊಳ್ಳಾಕತ್ತೀ ಏನೋ?" ಅಂದ.

"ಇಲ್ಲ ಅಜ್ಜಾರ, ವಿಮಾನಕ್ಕ."

"ವಿಮಾನದಾಗ ಓಡಿಸ್ಕೊಂಡು ಹೊಂಟೀ?" ಅಂತ ಅಜ್ಜ ಬಾಯಿ ತಗದ.

ಬೆಂಡು ಕೊಟ್ಟ. ಆದ್ರ ಬೆಂಡು ಮನಿಗೆ ಮುಟ್ಟೋಕಿಂತ ಮೊದಲ ಸುದ್ದಿ ಬ್ಯಾಡಗಿಗೆ ಮುಟ್ಟಿತು. ರೇಡಿಯೋ ರಿಪೇರಿಯವ ಆಷಾಢದಾಗ ಕದ್ದು ಯಾರನ್ನೋ ಮದವಿ ಆಗಾಕತ್ತಾನಂತ, ಬಾಸಿಂಗ ಸೈತ ಒಯ್ದನಂತ! ಮರುದಿನ ನಾ ಅಂಗಡಿಯೊಳಗ ಬೆಂಡಿನ ಎಲುಬು ಕೊರಕೋತ ಕುಂತಿದ್ದೆ. ದಲಾಲಿಯವರು ಬಂದು ಬಾಗಿಲಾಗ ನಿಂತ್ರು. ಮಾರಿ ಕೆಂಪಗಾಗಿತ್ತು. ಕೈಯಾಗಿನ ಬ್ಲೇಡ್ ಜಾರಿ ನನ್ನ ಬಟ್ಟು ಕೊಯ್ಕೊಂಡೆ, ಉರಿ ಸೈತ ಗೊತ್ತಾಗಲಿಲ್ಲ.

"ಬಾಸಿಂಗ ಯಾರಿಗ್ರಿ?" ಅಂದ್ರು.

"ವಿಮಾನಕ್ಕರಿ," ಅಂತ ರೆಕ್ಕಿ ಎತ್ತಿ ತೋರಿಸಿದೆ. ಒಂದೊಂದ ಎಲುಬು ಮುಟ್ಟಿ ನೋಡಿದ್ರು. ಬೆರಳಿನ್ಯಾಗ ಹಿಡದು ತೂಗಿದ್ರು. ಮೆಣಸಿನಕಾಯಿ ಮೂಸಿದಂಗ ಮೂಸಿಯೂ ನೋಡಿದ್ರು.

ಕಡೀಕ ಚಪ್ಪಲಿ ಮೆಟ್ಟಿಕೊಂಡು ಅಂದ್ರು, "ಆತು ಬಿಡ್ರಿ. ಮೊದಲ ಇದರ ಮದವಿ ಆಗಲಿ, ಆಮ್ಯಾಲೆ ನಿಮ್ಮದು ನೋಡೋಣು."

ನನಗ ಬುತ್ತಿ ತಂದಿದ್ದ ಅವ್ವ ಹಿಂದಿಂದ ಹಣಿ ಬಡಕೊಂಡ್ಲು. "ನಿನಗ ಬಾಸಿಂಗ ಬಲ ಇಲ್ಲ ಅಂತ ಶಾಸ್ತ್ರಿ ಹೇಳಿದ್ದ. ಇದಕ್ಕೈತಿ ಅಂತ ಹೇಳಿದ್ದಿಲ್ಲ!"

ಚೌಕಿಯೊಳಗ ಹುಟ್ಟಿದ ಬಾಲ

ಬಿದಿರು, ಬೆಂಡು, ಮ್ಯಾಲೆ ಗಾಳಿಪಟದ ಕಾಗದ. ವಿಮಾನ ಎದ್ದು ನಿಂತಿತು. ಹಾವೇರಿಯೊಳಗ ನಮ್ಮ ಸೋದರಮಾವನ ಮನಿ ಮುಂದ ದೊಡ್ಡ ಬಯಲಿತ್ತು. ಅಲ್ಲಿ ಹಾರಿಸಿ ನೋಡೋಣು ಅಂತ ದೋಸ್ತನ ಆಟೋದಾಗ ಹೊಂಟ್ವಿ. ಅವ್ವ ತಮ್ಮನ ಮನಿಗೆ ಅಂತ ತಾನೂ ಹತ್ತಿ ಕುಂತ್ಲು. ರೆಕ್ಕಿ ಆಟೋದ ಎರಡೂ ಕಡೆ ಹೊರಗ ಚಾಚಿದ್ವು. ಹೈವೇ ಮ್ಯಾಲೆ ಎದುರಿಗೆ ಬಂದ ಲಾರಿಯವರು ಗಾಡಿ ನಿಧಾನ ಮಾಡಿ, "ಆಟೋ ಹಾರಾಕತ್ತೈತೇನೋ?" ಅಂತ ಕೂಗಿ ಹೋಗತಿದ್ರು.

ದಾರಿಯೊಳಗ ಒಂದು ಪೊಲೀಸ್ ಚೌಕಿ. ಸಾಹೇಬರು ಕೈ ಮಾಡಿದ್ರು. ಡಬ್ಬಿ ನೋಡಿದ್ರು, ಅದರ ಉದ್ದನ್ನ ಏರಿಯಲ್ ಎಳದು ನೋಡಿದ್ರು. "ವೈರ್‌ಲೆಸ್ ಏನಿದು?" ಅಂದ್ರು. ಡಬ್ಬಿ ಜಪ್ತಿ ಆತಂದ್ರ ವಿಮಾನ ಇಲ್ಲ, ವಿಮಾನ ಇಲ್ಲಂದ್ರ ಬ್ಯಾಡಗಿ ಇಲ್ಲ. ಕೈ ಮುಗದು, "ವಿಮಾನದ್ದು ರೀ ಸಾಹೇಬರ, ಆಟಿಗಿ ವಿಮಾನ," ಅಂದೆ.

ಸಾಹೇಬರು ವಿಮಾನದ ಸುತ್ತ ಒಂದು ಸುತ್ತು ಬಂದ್ರು. "ಉಳದದ್ದು ಎಲ್ಲೈತಿ?"

"ಇಷ್ಟರಿ."

"ಬಾಲ ಎಲ್ಲಿ?"

"ಇದಕ್ಕ ಬಾಲ ಇರೂದಿಲ್ರಿ."

"ನನಗ ಹೇಳ್ತೀ ಏನು? ಬಾಲ ಇಲ್ಲದ ವಿಮಾನ ಜಗತ್ತಿನ್ಯಾಗ ಐತೇನು? ಬಾಲ ಎಲ್ಲಿ ಮುಚ್ಚಿಟ್ಟೀರಿ, ಹೇಳ್ರಿ. ಬಾಲ ಬರೋತನಕ ಯಾರೂ ಇಲ್ಲಿಂದ ಅಳ್ಳಾಡಂಗಿಲ್ಲ."

ಒಳಗ ಬೆಂಚಿನ ಮ್ಯಾಲೆ ಕುಂದರಿಸಿದ್ರು. ನಾ ಪಟ್ಟಿ, ಮೂಗು, ಭಾರ ಅಂತೆಲ್ಲಾ ತಿಳಿಸಿ ಹೇಳಿದೆ. ಹೇಳಿದಷ್ಟೂ ಅವರ ಸಂಶೇ ಜಾಸ್ತಿ ಆತು. ನಾ ಸಿಟ್ಟಿಗೆದ್ದು ಏನರೆ ಅಂದೇನು ಅಂತ ಅವ್ವ ನನ್ನ ಬಾಯಿಗೆ ಅಡಕಿ ತುರುಕಿದ್ಲು. ದೋಸ್ತ ಸುಮ್ಮನ ಎದ್ದು ಹೊರಗ ಹೋದ. ಅವ್ವ ತಮ್ಮಗ ಅಂತ ಒಯ್ಯಾಕತ್ತಿದ್ದ ಪೇಢೆ ಡಬ್ಬಿಯ ರಟ್ಟು ಹರದ, ದಾರ ಸುತ್ತಿ ವಿಮಾನದ ಹಿಂದ ಸಿಗಿಸಿದ. "ಬಾಲ ಸಿಕ್ತು ಸಾಹೇಬರ, ಸೀಟಿನ ಬುಡಕ ಬಿದ್ದಿತ್ತು!" ಅಂತ ಕೂಗಿದ.

ಸಾಹೇಬರು ಬಂದು ನೋಡಿದ್ರು. ಮಾರಿ ಅರಳಿತು. "ಹಾಂ! ಇದಕ್ಕಂತಾರ ವಿಮಾನ. ಹೋಗ್ರಿ." ಡಬ್ಬಿ ನನ್ನ ಕೈಗೆ ಕೊಟ್ರು. "ಇನ್ನೊಮ್ಮೆ ಪೊಲೀಸರ ಮುಂದ ಸುಳ್ಳು ಹೇಳಬ್ಯಾಡ್ರಿ."

ಅವ್ವ ಕಟ್ಟಿದ ನಿಂಬಿಹಣ್ಣು

ಚೌಕಿ ಕಣ್ಣಿಗೆ ಮರಿ ಆದ ಕೂಡಲೇ ನಾ ಆ ರಟ್ಟು ಕಿತ್ತು ಒಗದೆ. ಬಾಲ ಇಲ್ಲದ ವಿಮಾನದ ಜೀವ ಇರೋದು ತೂಕದಾಗ. ಭಾರ ಎಲ್ಲಾ ಮುಂದ, ಮೂಗಿನ ಕಡೆ ಇರಬೇಕು. ಹಿಂದಕ್ಕ ಒಂದು ತೊಲಿ ಭಾರ ಸರಿದ್ರೂ ಕತಿ ಮುಗೀತು. ನಾ ಮೂಗಿನ್ಯಾಗ ಸೀಸದ ತುಂಡು ಇಟ್ಟು, ಎರಡು ಬೆರಳಿನ ಮ್ಯಾಲೆ ಎತ್ತಿ, ತಕ್ಕಡಿಗಿಂತ ಬರೋಬರಿ ತೂಗಿಸಿದ್ದೆ.

ಹಾವೇರಿ ಬಯಲಿನ್ಯಾಗ ಗಾಳಿ ನೋಡಾಕ ಸ್ವಲ್ಪ ದೂರ ಹೋದೆ. ಬಂದು ಡಬ್ಬಿ ಹಿಡಕೊಂಡು, "ಎಸಿ" ಅಂದೆ. ದೋಸ್ತ ಓಡಿ ಬಂದು ಎಸದ. ವಿಮಾನ ಬೆದರಿದ ಕುದರಿಯಂಗ ಮುಂಗಾಲೆತ್ತಿ ನಿಂತಿತು. ನಾ ಡಬ್ಬಿ ಮ್ಯಾಲಿನ ತಿರುಗಿಸೋ ಕಡ್ಡಿ ಒತ್ತಿದೆ, ಒತ್ತಿದೆ, ಏನೂ ಕೇಳಲಿಲ್ಲ. ಮಗಚಿ, ಲಾಗ ಹಾಕಿ, ಬಂದು ನೆಲಕ್ಕ ಬಡೀತು. ಒಂದು ರೆಕ್ಕಿ ಮುರೀತು. ಆಷಾಢ ಮುಗಿಯಾಕ ಒಂದು ವಾರ ಉಳದಿತ್ತು.

ಎತ್ತಿ ನೋಡತೇನಿ, ಹಿಂದ, ನಟ್ಟನಡುವ, ಬಾಲ ಇರಬೇಕಾದಲ್ಲಿ, ಕರೇ ದಾರದಾಗ ಒಂದು ನಿಂಬಿಹಣ್ಣು! ಬುಡಕ ಏಳು ಹಸಿ ಮೆಣಸಿನಕಾಯಿ!

"ಯಾರು ಕಟ್ಟಿದವ್ರು ಇದನ್ನ?" ಅಂತ ಒದರಿದೆ.

"ನಾನಪಾ," ಅಂದ್ಲು ಅವ್ವ. "ದೃಷ್ಟಿ ಆಗಬಾರದಂತ. ಹಿಂದ ಬೋಳು ಬೋಳು ಕಾಣಾಕತ್ತಿತ್ತು."

"ಅಯ್ಯೋ ನಮ್ಮವ್ವಾ, ಇದರಿಂದನ ಬಿತ್ತಲ್ಲಬೇ!"

"ಹುಚ್ಚಪ್ಪಾ, ಕಟ್ಟಿದ್ದಕ್ಕ ಒಂದ ರೆಕ್ಕಿ ಮುರೀತು. ಕಟ್ಟಲಿಲ್ಲಂದ್ರ ಎರಡೂ ಮುರೀತಿದ್ವು!"

ಅಳಬೇಕೋ ನಗಬೇಕೋ ತಿಳೀಲಿಲ್ಲ. ತುಂಡು ರೆಕ್ಕಿ ತೊಡಿ ಮ್ಯಾಲೆ ಇಟ್ಕೊಂಡು ಹಿಂದಕ್ಕ ಹೊಂಟೆ. ಚೌಕಿ ಮುಂದ ಮತ್ತ ಅದ ಸಾಹೇಬರು ಕೈ ಮಾಡಿದ್ರು. ಮುರದ ವಿಮಾನ ನೋಡಿದ್ರು, ಅದರ ಹಿಂದ ನೋಡಿದ್ರು, ನನ್ನ ಮಾರಿ ನೋಡಿದ್ರು.

"ಬಾಲ ಕಿತ್ತಿರೇನು?"

ಹೂಂ ಅಂತ ಗೋಣು ಹಾಕಿದೆ.

"ನೋಡ್ರಿ ಮತ್ತ!" ಅಂತ ತೊಡಿ ತಟ್ಟಿಕೊಂಡ್ರು. "ನಾ ಕಲ್ತಾಂವಲ್ಲ, ಆದ್ರೂ ನನಗ ಗೊತ್ತಿತ್ತು!"

ಸೆರಗಿಗೆ ಬಿದ್ದದ್ದು

ವಾರ ಪೂರ್ತಿ ಅಂಗಡಿ ಬಾಗಿಲ ಹಾಕಿ ರೆಕ್ಕಿ ಕಟ್ಟಿದೆ. ಆಷಾಢದ ಕಡೀ ಐತವಾರ ದೇವರಗುಡ್ಡದಾಗ ಹಾರಿಸೋದು ಅಂತ ಆತು. ಗುಡ್ಡಕ್ಕ ಬಡದ ಗಾಳಿ ಮ್ಯಾಲಕ್ಕ ಏಳತೈತಿ, ಆ ಗಾಳಿ ಮ್ಯಾಲೆ ಗ್ಲೈಡರ್ ನಿಲ್ಲತೈತಿ. ಬ್ಯಾಡಗಿಯವರು ಮೈಲಾರಲಿಂಗನ ದರ್ಶನ ಮುಗಿಸಿಕೊಂಡು ಟೆಂಪೋದಾಗ ಬಂದ್ರು. ದಲಾಲಿಯವರು, ಅವರ ಅಕ್ಕ, ಹಿಂದ ಹುಡುಗಿ. ಈ ಸಲ ಕಣ್ಣಾಗ ನೀರಿದ್ದಿಲ್ಲ, ಹುಡುಗಿ ಸ್ವಚ್ಛ ಕಂಡ್ಲು. ಕಂಡ ಮ್ಯಾಲಂತೂ ನಾ ಡಬ್ಬಿ ತಲಿಕೆಳಗ ಹಿಡಕೊಂಡೆ.

ದಲಾಲಿಯವರು ಗಡಿಯಾರ ನೋಡಿದ್ರು. "ಐತವಾರ ಸಂಜಿಮುಂದ ರಾಹುಕಾಲ. ಅದು ಹತ್ತೂದರೊಳಗ ಏರಬೇಕು, ಅದು ಹತ್ತೂದರೊಳಗ ಇಳೀಬೇಕು."

ಗಾಳಿ ಬರೋತನಕ ಕಾದ್ವಿ. ಗಾಳಿ ಬರಲಿಲ್ಲ. ಅತ್ತಿ ಕಲ್ಲಿನ ಮ್ಯಾಲೆ ಕುಂತು, "ಬಾಲ ಇಲ್ಲದ್ದಕ್ಕ ಗಾಳಿನೂ ಬರೂದಿಲ್ಲ," ಅಂದ್ರು. ನಾ ಹಲ್ಲು ಕಚ್ಚಿದೆ. ರಾಹುಕಾಲ ಹತ್ರ ಬಂದಂಗ ಹುಲ್ಲು ಅಳ್ಳಾಡಿತು, ಆಮ್ಯಾಲೆ ಬಾಗಿತು, ಆಮ್ಯಾಲೆ ಮಲಗಿತು. "ಎಸಿಯೋ!" ಅಂದೆ.

ದೋಸ್ತ ವಿಮಾನ ತಲಿ ಮ್ಯಾಲೆತ್ತಿ, "ಬಿಸ್ಮಿಲ್ಲಾ, ಏಳುಕೋಟಿಗೋ!" ಅಂತ ಅಲ್ಲಾನ್ನೂ ಮೈಲಾರಲಿಂಗನ್ನೂ ಕೂಡಿಸಿ ಕೂಗಿದ. "ಯಾರು ಬಿಡುವಾಗಿರತಾರೋ ಅವರು ಹಿಡೀಲಿ," ಅಂತ ಎಸದ.

ಮೊದಲ ಕೆಳಗ ಜಗ್ಗಿತು. ಕಡ್ಡಿ ಹಗರಕ ಎಳದೆ. ಮೂಗು ಎತ್ತಿತು, ಎಡಕ್ಕ ಹೊಳ್ಳಿತು, ಗಾಳಿ ಹಿಡಕೊಂಡಿತು. ಏನು ಹೇಳಲಿ! ಏರಿತು, ಏರಿತು, ಗುಡಿ ಶಿಖರಕ್ಕಿಂತ ಮ್ಯಾಲೇರಿತು. ಎಲ್ಲಿಂದಲೋ ಒಂದು ಹದ್ದು ಬಂದು ಬಾಜೂಕ ಸುತ್ತಾಕತ್ತಿತು. ದಲಾಲಿಯವರ ಟೊಪಗಿ ಹಿಂದಕ್ಕ ಬಿತ್ತು, ಎತ್ತಿಕೊಳ್ಳಲಿಲ್ಲ. ನನಗ ಕುಣೀಬೇಕು ಅನಸ್ತು.

"ಭಲೇ!" ಅಂದ್ರು ಅವರು. "ಈಗ ಇಳಸ್ರಿ."

ಮೂಗು ಕೆಳಗ ಮಾಡಿದೆ. ವಿಮಾನ ಸುಯ್ಯಂತ ಇಳೀತು, ಅದ ಜೋರಿನ್ಯಾಗ ಸುಯ್ಯಂತ ಮತ್ತ ಏರಿತು. ಇನ್ನೊಮ್ಮೆ ಇಳಿಸಿದೆ, ಮೊದಲಿಗಿಂತ ಮ್ಯಾಲೆ ಹೋತು. ಆಷಾಢದ ಗಾಳಿ ಈಗ ಪೂರ್ತಿ ಎದ್ದಿತ್ತು. ಹಾರೂದಿಲ್ಲ ಅಂತ ತಿಂಗಳ ಪೂರ್ತಿ ಹೆದರಿದ್ದೆ, ಇಳಿಯೂದಿಲ್ಲ ಅಂತ ಹೆದರಬೇಕಾಗಿತ್ತು ಅನ್ನೋದು ತಿಳಿದಿದ್ದಿಲ್ಲ!

"ಯಾಕ್ರಿ? ಇಳಸ್ರಿ," ಅಂದ್ರು ದಲಾಲಿಯವರು.

"ಇಳಸಾಕತ್ತೇನ್ರಿ."

"ಏರಾಕತ್ತೈತಲ್ರಿ!"

ಅಷ್ಟರಾಗ ಡಬ್ಬಿಯ ಮುಳ್ಳು ಕೆಂಪಿಗೆ ಬಂತು. ಬ್ಯಾಟರಿ ಖಾಲಿ. ಕಡ್ಡಿ ಹಿಂಗ ಅಂದೆ, ಹಂಗ ಅಂದೆ, ವಿಮಾನ ನನ್ನ ಮಾತು ಬಿಟ್ಟು ತನ್ನ ಪಾಡಿಗೆ ಸುತ್ತಾಕತ್ತಿತು. ಗುಡ್ಡದ ಅಂಚು ದಾಟಿ ನಮ್ಮ ತಲಿ ಮ್ಯಾಲ ಬಂತು. ಅಲ್ಲಿ ಏಳೋ ಗಾಳಿ ಇದ್ದಿಲ್ಲ, ಹಂಗಾಗಿ ಸುತ್ತಿಗೊಮ್ಮೆ ಕೆಳಗ, ಸುತ್ತಿಗೊಮ್ಮೆ ಕೆಳಗ. "ಸರೀರಿ, ಸರೀರಿ!" ಅಂತ ಒದರಿದೆ. ಎಲ್ಲಾರೂ ದಿಕ್ಕಿಗೊಬ್ಬರು ಓಡಿದ್ರು. ಅತ್ತಿಗೆ ಮಣಕಾಲು ನೋವು, ಓಡಾಕ ಬರಲಿಲ್ಲ. ಕಲ್ಲಿನ ಮ್ಯಾಲ ಕುಂತಲ್ಲೇ ಗುಡಿ ಕಡೆ ಹೊಳ್ಳಿ, ಕಣ್ಣು ಮುಚ್ಚಿ, ಎರಡೂ ಕೈಯಿಂದ ಸೆರಗು ಚಾಚಿದ್ರು. "ಮೈಲಾರಲಿಂಗಪ್ಪಾ, ಸೆರಗೊಡ್ಡಿ ಬೇಡತೇನಿ, ಯಾರ ತಲಿ ಮ್ಯಾಲೂ ಬೀಳದಂಗ ಅದನ್ನ ಇಳಸಪ್ಪಾ!"

ವಿಮಾನ ಆ ಕಲ್ಲಿನ ಬಾಜೂಕಿದ್ದ ಬೇವಿನ ಗಿಡದ ಟೊಂಗಿಗೆ ರೆಕ್ಕಿ ತಗಲಿಸಿತು. ಜೋರು ಎಲ್ಲಾ ಸತ್ತು, ಎಲಿ ಉದುರಿದಂಗ ತೇಲಿ ಬಂದು, ಅತ್ತಿಯ ಸೆರಗಿನ್ಯಾಗ ಮೆತ್ತಗ ಕುಂತಿತು.

ಅತ್ತಿ ಕಣ್ಣು ತಗದು ಉಡಿಯೊಳಗ ನೋಡಿದ್ರು.

ಮೊದಲ ಮಾತಾಡಿದವರು ದಲಾಲಿಯವರು. "ಇದು ಲೆಕ್ಕಕ್ಕಿಲ್ಲ. ಇವರು ಇಳಿಸಿದ್ದಲ್ಲ, ಅದು ತಾನ ಬಿದ್ದದ್ದು. ನಾ ಹೇಳಿದ್ದೇನು? ಹಾರಿಸಿ ಇಳಸ್ರಿ ಅಂದಿದ್ದೆ." ಖರೇನ, ಇಳಿಸಿದಾಂವ ನಾನಲ್ಲ. ಡಬ್ಬಿ ನೆಲಕ್ಕ ಇಟ್ಟೆ. ಹುಡುಗಿ ಕಡೆ ನೋಡಾಕ ಧೈರ್ಯ ಆಗಲಿಲ್ಲ.

"ಏ ತಮ್ಮಾ, ಬಾಯಿ ಮುಚ್ಚು!" ಅಂದ್ರು ಅತ್ತಿ. ಎರಡೂ ಕೈಯಿಂದ ವಿಮಾನ ಅವಚಿಕೊಂಡಿದ್ರು. "ಸೆರಗೊಡ್ಡಿದೆ, ಮೈಲಾರಲಿಂಗ ನನ್ನ ಉಡಿಗೆ ಹಾಕ್ಯಾನ. ಉಡಿಗೆ ಬಿದ್ದದ್ದನ್ನ ಒಲ್ಲೆ ಅನ್ನಾಕ ನೀ ಯಾವಾಂವ? ನಮ್ಮ ಮನಿಯಾಗ ಹಂಗ ಯಾವ ಹೆಣಮಗಳು ಅಂದಾಳ?"

ಮಾರ್ಕೆಟ್ಟಿನ್ಯಾಗ ಯಾರಿಗೂ ಬಗ್ಗದ ಮನಶ್ಯಾ, ಅಕ್ಕನ ಮುಂದ ತಲಿ ಕೆರಕೊಂಡ್ರು. ಗುಡಿ ಕಡೆ ನೋಡಿದ್ರು, ಗಡಿಯಾರ ನೋಡಿದ್ರು. ರಾಹುಕಾಲ ಇನ್ನೂ ಹತ್ತಿರಲಿಲ್ಲ. "ಆತವಾ ಆತು," ಅಂದ್ರು. "ಉಡಿಗೆ ಬಿದ್ದದ್ದು ನಮ್ಮದು. ಶ್ರಾವಣದಾಗ ಸಕ್ಕರಿ."

ಅವ್ವ ಅಳಾಕತ್ತಿದ್ಲು. ದೋಸ್ತ ನನ್ನ ಬೆನ್ನು ಗುದ್ದಾಕತ್ತಿದ್ದ. ಓಡಿಹೋಗಿ ಅತ್ತಿ ಕಾಲಿಗೆ ಬಿದ್ದೆ. ಎದ್ದು, ಸಾವಕಾಶ ವಿಮಾನಕ್ಕ ಕೈ ಹಾಕಿದೆ.

ಅತ್ತಿ ಕೈ ಮ್ಯಾಲ ಪಟ್ಟಂತ ಕೊಟ್ರು. "ಮುಟ್ಟಬ್ಯಾಡ್ರಿ! ಉಡಿ ಸಾಮಾನು ಯಾರರೆ ಹೊಳ್ಳಿ ಕೊಡತಾರೇನು? ಇದು ನಮ್ಮ ಜಗಲಿ ಮ್ಯಾಲೆ ಕುಂದರತೈತಿ. ಉಡಿಗೆ ಬಿದ್ದದ್ದೆಲ್ಲಾ ನಂದು!"

"ಯಾ ಅಲ್ಲಾ!" ಅಂದ ದೋಸ್ತ. "ಹಂಗಾರ ಗಂಡೂ ನಿಮ್ಮದ ಏನ್ರಿ ಅಮ್ಮಾರ?"

ಅತ್ತಿ ಬಾಯಿ ತಗದವರು ತಗದಂಗ ಕುಂತ್ರು. ಅವ್ವ ಅಳೋದು ಬಿಟ್ಟು ನನ್ನ ನೋಡಿದ್ಲು. ದಲಾಲಿಯವರು ತಮ್ಮ ಅಕ್ಕನ್ನೂ ನನ್ನನ್ನೂ ಒಬ್ಬರಾದ ಮ್ಯಾಲೆ ಒಬ್ಬರನ್ನ ನೋಡಿದ್ರು. ಆವಾಗ ಹುಡುಗಿ, ಬ್ಯಾಡಗಿಯೊಳಗ 'ಹೆಂಗ' ಅಂತ ಕೇಳಿದ ಅದ ಸಣ್ಣ ದನಿಯಿಂದ, ಆದ್ರ ಗುಡ್ಡದ ಮ್ಯಾಲಿದ್ದವರಿಗೆಲ್ಲಾ ಕೇಳೋಹಂಗ ಅಂದ್ಲು:

"ವಿಮಾನ ನೀನ ಇಟ್ಕೋ ಅತ್ತಿ. ಅದನ್ನ ಮಾಡಿದವರನ್ನ ಅಷ್ಟ ನನಗ ಬಿಡು."